ಹಾವಿನ ಮರಿ ಹಠ ಮಾಡುವುದಿಲ್ಲ

ಮುಂಗಾರು ಹಿಡಿದುಕೊಂಡಿತೆಂದರೆ ಪೇಟೆಯಲ್ಲಿ ಹಾವಿನ ಮರಿಗಳು ಕಾಣಿಸಿಕೊಳ್ಳುವ ಕಾಲ. ಅಂಗಡಿ ಷಟರಿನ ಸಂದಿಯಲ್ಲಿ ಒಂದು, ಗೋಣಿಚೀಲದ ಕೆಳಗೆ ಒಂದು, ಬಸ್‌ಸ್ಟ್ಯಾಂಡಿನ ಚರಂಡಿ ಚಪ್ಪಡಿಯ ಅಡಿಯಲ್ಲಿ ಮತ್ತೊಂದು. ಕಂಡವರಲ್ಲಿ ಎರಡು ಪಂಗಡ. ಕೆಲವರು ಕೈಗೆ ಸಿಕ್ಕಿದ ದೊಣ್ಣೆ ಎತ್ತುತ್ತಾರೆ. ಇನ್ನು ಕೆಲವರು "ಪಾಪ, ಮರಿ ಕಣ್ರೀ" ಅಂತ ಅದನ್ನು ಬಾಟಲಿಗೆ ಹಾಕಿ, ಮುಚ್ಚಳಕ್ಕೆ ನಾಲ್ಕು ತೂತು ಹೊಡೆದು, ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳುತ್ತಾರೆ. ಈ ಎರಡನೆಯವರ ಮನಸ್ಸು ಒಳ್ಳೆಯದೇ. ಆದರೆ ದೊಣ್ಣೆಗೆ ಸಿಕ್ಕಿದ ಮರಿ ಒಂದು ನಿಮಿಷದಲ್ಲಿ ಸತ್ತರೆ, ಬಾಟಲಿಗೆ ಸಿಕ್ಕಿದ್ದು ದಿನಗಟ್ಟಲೆ ನರಳಿ ಸಾಯುತ್ತದೆ. ವ್ಯತ್ಯಾಸ ಅಷ್ಟೇ.

"ಹಾಲಿಟ್ಟೆ, ಮುಟ್ಟಲಿಲ್ಲ. ಮೊಟ್ಟೆ ಒಡೆದಿಟ್ಟೆ, ತಿರುಗಿಯೂ ನೋಡಲಿಲ್ಲ. ಯಾಕ್ ಸ್ವಾಮಿ ತಿನ್ನಲ್ಲ ಇದು?" ಇದು ಹೀಗೆ ಇಟ್ಟುಕೊಂಡವರೆಲ್ಲರ ಪ್ರಶ್ನೆ.

ಮೊದಲು ಹಾಲಿನ ವಿಷಯ. ಹಾವು ಹಾಲು ಕುಡಿದು ಬೆಳೆಯುವ ಪ್ರಾಣಿಯಲ್ಲ. ತಾಯಿಹಾವಿಗೆ ಮೊಲೆಯಿಲ್ಲ, ಮರಿಗೆ ಹಾಲು ಅರಗುವುದಿಲ್ಲ. ನಾಗರಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ಹಾವು ಹಾಲು ಕುಡಿದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರಿದ್ದಾರೆ. ಕಂಡದ್ದು ನಿಜವಿರಬಹುದು. ದಿನಗಟ್ಟಲೆ ನೀರು ಕಾಣದೆ ಗಂಟಲು ಒಣಗಿದ ಹಾವು ಮುಂದೆ ಏನಿಟ್ಟರೂ ಕುಡಿಯುತ್ತದೆ. ಆಮೇಲೆ ಅದೇ ಹಾಲಿನಿಂದ ಸಾಯುವುದೂ ಉಂಟು.

ಇನ್ನು ಮರಿ ಬೇರೇನನ್ನೂ ಯಾಕೆ ಮುಟ್ಟುವುದಿಲ್ಲ? ಮೊಟ್ಟೆಯೊಡೆದು ಬರುವಾಗ ಅದರ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತದೆ. ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಮೊದಲ ಪೊರೆ ಕಳಚುವ ತನಕ, ಅಂದರೆ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ, ಬಹಳಷ್ಟು ಮರಿಗಳಿಗೆ ಬೇರೆ ಊಟ ಬೇಕಾಗುವುದಿಲ್ಲ. ಆಮೇಲೂ ಪ್ರತಿ ಸಲ ಪೊರೆ ಬಿಡುವ ಮುಂಚೆ ಕಣ್ಣು ಮಂಜುಗಟ್ಟಿದಂತೆ ನೀಲಿಯಾಗುತ್ತದೆ. ಆ ದಿನಗಳಲ್ಲಿ ದೊಡ್ಡ ಹಾವೂ ಸಾಮಾನ್ಯವಾಗಿ ಉಪವಾಸವೇ.

ಜೊತೆಗೆ ಒಂದೊಂದು ಹಾವಿಗೂ ಒಂದೊಂದು ಊಟ. ನೀರುಹಾವಿಗೆ ಮೀನು, ಕಪ್ಪೆ. ಹಸಿರುಹಾವಿಗೆ ಓತಿ, ಹಲ್ಲಿ. ಎರೆಹುಳದಂತೆ ಕಾಣುವ ಹುಳುಹಾವಿಗೆ ಇರುವೆ, ಗೆದ್ದಲಿನ ಮೊಟ್ಟೆ. ಹಿಡಿದಿಟ್ಟವರಿಗೆ ಅದು ಯಾವ ಹಾವು ಎಂಬುದೇ ಗೊತ್ತಿರುವುದಿಲ್ಲ, ಇನ್ನು ಊಟ ಎಲ್ಲಿಂದ ತಂದಾರು? ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹಾವಿಗೆ ಮೈಯ ಬಿಸಿ ಹೊರಗಿನಿಂದ ಬರಬೇಕು. ಮೈ ತಣ್ಣಗಿದ್ದರೆ ನುಂಗಿದ್ದು ಅರಗುವುದಿಲ್ಲ. ಮರೆಯಿಲ್ಲದ ಗಾಜಿನ ಬಾಟಲಿಯಲ್ಲಿ, ಗಿರಾಕಿಗಳೆಲ್ಲ ತಟ್ಟಿ ತಟ್ಟಿ ನೋಡುತ್ತಿರುವಾಗ, ಹೆದರಿ ಮುದುಡಿದ ಮರಿ ತಿನ್ನುವುದಾದರೂ ಹೇಗೆ? ಅದು ಹಠವಲ್ಲ, ಪ್ರಾಣಭಯ.

ದುಡ್ಡು ಕೊಟ್ಟು ಪರದೇಶದ ಹಾವು ತಂದು ಸಾಕುವ ಶೋಕಿಯೂ ಈಗ ಬೆಳೆದಿದೆ. 2023ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳಲ್ಲಿ 55 ಬಾಲ್ ಪೈಥಾನ್ ಹಾವುಗಳು ಸಿಕ್ಕಿಬಿದ್ದದ್ದು ನೆನಪಿರಬಹುದು. ಆಫ್ರಿಕಾ ಮೂಲದ ಈ ಸಣ್ಣ ಹೆಬ್ಬಾವು ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದೇ ಹಾಗೆ. ಊಟ ಬಿಡುವುದರಲ್ಲೂ ಇದು ಹೆಸರುವಾಸಿ. ಕಾನೂನುಬದ್ಧವಾಗಿ ಸಾಕಿದವರು ಮರಿ ತಿನ್ನುತ್ತಿಲ್ಲವೆಂದು ಗಾಬರಿಯಾಗಿ ಬಾಯಿ ಬಿಡಿಸಿ ತುರುಕಲು ಹೋಗಬಾರದು. ಬಾಯಿ, ಗಂಟಲು ಹರಿದೀತು. ಆ ಕೆಲಸ ಹಾವುಗಳನ್ನು ಬಲ್ಲ ಪಶುವೈದ್ಯರದು, ಅದೂ ಕಟ್ಟಕಡೆಗೆ.

ಮಾಡಬೇಕಾದದ್ದು ಇಷ್ಟು. ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಲಿ, ಇನ್ನೊಂದು ಬದಿ ಅದಕ್ಕಿಂತ ತಂಪಾಗಿರಲಿ. ಮೈ ತಾಗುವಷ್ಟು ಇಕ್ಕಟ್ಟಾದ ಕತ್ತಲೆಯ ಗೂಡಿರಲಿ, ಶುದ್ಧ ನೀರು ಸದಾ ಇರಲಿ. ಮೊದಲ ಪೊರೆ ಬಿಟ್ಟ ಮೇಲೆ, ಮರಿಯ ಮೈಯ ದಪ್ಪವನ್ನು ಮೀರದ ಸತ್ತ ಇಲಿಮರಿಯನ್ನು ಬೆಚ್ಚಗೆ ಮಾಡಿ, ಕತ್ತಲಾದ ಮೇಲೆ ಚಿಮಟದಲ್ಲಿ ಹಿಡಿದು ತೋರಿಸಬೇಕು. ಮುಟ್ಟದಿದ್ದರೆ ತೆಗೆದುಬಿಡಿ, ಒಂದು ವಾರ ಅದರ ಗೋಜಿಗೆ ಹೋಗಬೇಡಿ. ತಿಂದರೂ ಎರಡು ದಿನ ಕೈಗೆತ್ತಿಕೊಳ್ಳಬೇಡಿ, ಕಕ್ಕಿಬಿಡುತ್ತದೆ. ಬೆನ್ನೆಲುಬು ಎದ್ದು ಕಂಡರೆ, ಬಾಯಲ್ಲಿ ನೊರೆ ಬಂದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಇಂಥ ಪರದೇಶಿ ಹಾವನ್ನು 2024ರ ನಿಯಮಗಳ ಪ್ರಕಾರ ಸರ್ಕಾರದ 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸುವುದು ಕಡ್ಡಾಯ ಎಂಬುದೂ ನೆನಪಿರಲಿ.

ನಮ್ಮ ನೆಲದ ಹಾವಿನ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಸಾಕುವುದು ಅಪರಾಧ. ಬಾಟಲಿಯೂ ಅದರಲ್ಲೇ ಬಂತು. ಮೇಲಾಗಿ ನಾಗರ, ಕಟ್ಟುಹಾವು, ಕೊಳಕುಮಂಡಲದ ಮರಿಗಳಿಗೆ ಹುಟ್ಟುವಾಗಲೇ ವಿಷವಿರುತ್ತದೆ. ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿಯೆಂದು ತಿಳಿದು ಅಂಗೈಯಲ್ಲಿ ಇಟ್ಟುಕೊಂಡರೆ ಪ್ರಾಣಕ್ಕೇ ಸಂಚಕಾರ. ಕಚ್ಚಿಸಿಕೊಂಡವರು ಮಂತ್ರ, ಬೇರು ಅಂತ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದ್ದು ಸುಮ್ಮನೆ ಅಲ್ಲ.

ವರ್ತಕ ಬಂಧುಗಳಿಗೆ ಒಂದು ಲೆಕ್ಕದ ಮಾತು. ನಿಮ್ಮ ಅಕ್ಕಿ ಮೂಟೆಗೆ ತೂತು ಕೊರೆಯುವುದು ಇಲಿ. ಆ ಇಲಿಯನ್ನು ಬಿಲಕ್ಕೇ ನುಗ್ಗಿ ಹಿಡಿಯುವುದು ಕೇರೆಹಾವು. ಇವತ್ತು ಬಾಟಲಿಯಲ್ಲಿ ಸತ್ತ ಮರಿ ನಾಳೆ ನಿಮ್ಮ ಗೋದಾಮನ್ನು ಸಂಬಳವಿಲ್ಲದೆ ಕಾಯುತ್ತಿತ್ತು.

ಆದ್ದರಿಂದ ಮರಿ ಕಂಡರೆ ದೂರ ನಿಲ್ಲಿ, ಮಕ್ಕಳನ್ನು ದೂರ ಇಡಿ, ಅದು ಎಲ್ಲಿದೆಯೆಂದು ಕಣ್ಣಿಟ್ಟಿದ್ದು ಅರಣ್ಯ ಇಲಾಖೆಗೆ ತಿಳಿಸಿ. ಆದರೆ ತಿಳಿಸುವುದು ಯಾರಿಗೆ, ಯಾವ ನಂಬರಿಗೆ? ಜನ ಬಾಟಲಿ ಹುಡುಕುವುದು ಫೋನ್ ನಂಬರ್ ಗೊತ್ತಿಲ್ಲದೇ ಇರುವುದರಿಂದಲೂ ಹೌದು. ತರಬೇತಿ ಪಡೆದ ಹಾವು ಹಿಡಿಯುವವರ ನಂಬರನ್ನು ಮಾರುಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿ ಹಾಕಲು ಇಲಾಖೆಗೆ ಎಷ್ಟು ಖರ್ಚಾದೀತು? ನಾಲ್ಕು ಬೋರ್ಡು, ಒಂದು ಡಬ್ಬಿ ಬಣ್ಣ. ಮಳೆ ಜೋರಾಗುವ ಮುನ್ನ ಸಂಬಂಧಪಟ್ಟವರು ಈ ಕೆಲಸ ಮುಗಿಸಲಿ. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ದಾರಿ ಇದೊಂದೇ.