ಗಣಿತದ ಬದಲು ಸಮಾಜಶಾಸ್ತ್ರ: ಅಂಧರ ಶಾಲೆಗಳಲ್ಲಿ ಉಳಿದಿರುವ ಲೆಕ್ಕ

ಬೆಂಗಳೂರು: ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಗಣಿತದ ಪಕ್ಕದಲ್ಲಿ ಸಮಾಜಶಾಸ್ತ್ರ, ವಿಜ್ಞಾನದ ಪಕ್ಕದಲ್ಲಿ ರಾಜ್ಯಶಾಸ್ತ್ರ ಎಂದು ಮುದ್ರಿತವಾಗಿರುವುದನ್ನು ಹೆಚ್ಚಿನ ಪೋಷಕರು ಗಮನಿಸಿರಲಾರರು. ವಿಕಲಚೇತನ ವಿದ್ಯಾರ್ಥಿಗಳಿಗೆಂದು ಇರಿಸಲಾಗಿರುವ ಪರ್ಯಾಯ ವಿಷಯಗಳಿವು. ಉದ್ದೇಶ ಒಳ್ಳೆಯದೇ. ಆದರೆ ಹತ್ತನೆಯ ತರಗತಿಯಲ್ಲಿ ಗಣಿತವನ್ನು ಕೈಬಿಟ್ಟ ಮಗುವಿಗೆ ಪಿಯುಸಿ ವಿಜ್ಞಾನ ವಿಭಾಗವೂ, ಅದರಾಚೆಗಿನ ಎಂಜಿನಿಯರಿಂಗ್ ಶಿಕ್ಷಣವೂ ದೂರವಾಗುತ್ತವೆ. ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ನಗರದ ಅಂಧರ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ ಎಂಬುದೇ ವಿಪರ್ಯಾಸ.

ಅಂಧರಿಗೆ ಗಣಿತ ಒಗ್ಗದು ಎಂಬ ನಂಬಿಕೆಗೆ ಆಧಾರವಿಲ್ಲ. ನೆರೆಯ ಆಂಧ್ರದ ಶ್ರೀಕಾಂತ್ ಬೊಲ್ಲಾ ಹತ್ತನೆಯ ತರಗತಿಯ ನಂತರ ವಿಜ್ಞಾನ ಓದಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಮುಂದೆ ಅವರು ಅಮೆರಿಕದ ಎಂಐಟಿಯಲ್ಲಿ ವ್ಯಾಸಂಗ ಮಾಡಿ ಉದ್ಯಮಿಯಾದರು. 2024ರಲ್ಲಿ ತೆರೆಕಂಡ ಹಿಂದಿ ಚಿತ್ರದಿಂದ ಅವರ ಕಥೆ ಮನೆಮಾತಾಯಿತು. ಒಬ್ಬ ಅಸಾಮಾನ್ಯ ಹುಡುಗ ಗೆದ್ದುದನ್ನು ಕಂಡು ಕಣ್ಣೊರೆಸಿಕೊಳ್ಳುವುದು ಸುಲಭ. ಸಾಮಾನ್ಯ ಬುದ್ಧಿಯ ಅಂಧ ಮಗುವೂ ಬೀಜಗಣಿತ ಕಲಿಯುವಂತೆ ಶಾಲೆಯನ್ನು ಸಜ್ಜುಗೊಳಿಸುವುದು ಬೇರೆಯೇ ಕೆಲಸ.

ಆ ಕೆಲಸಕ್ಕೆ ಕೈಹಾಕಿರುವ ಸಂಸ್ಥೆಗಳಲ್ಲಿ ಬೆಂಗಳೂರಿನ 'ವಿಷನ್ ಎಂಪವರ್' ಒಂದು. ಸ್ವತಃ ಅಂಧರಾದ, ನಗರದ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ (ಐಐಐಟಿ-ಬಿ) ಸ್ನಾತಕೋತ್ತರ ಶಿಕ್ಷಣ ಪಡೆದ ವಿದ್ಯಾ ವೈ. ಅವರು ಸಹಪಾಠಿ ಸುಪ್ರಿಯಾ ಡೇ ಹಾಗೂ ಅಲ್ಲಿನ ಪ್ರಾಧ್ಯಾಪಕ ಅಮಿತ್ ಪ್ರಕಾಶ್ ಅವರೊಡಗೂಡಿ 2017ರಲ್ಲಿ ಇದನ್ನು ಕಟ್ಟಿದರು. ಅಂಧರ ಶಾಲೆಗಳಲ್ಲಿ ವಿಜ್ಞಾನ ಮತ್ತು ಗಣಿತದ ಬೋಧನೆಗೆ ನೆರವಾಗುವುದು ಸಂಸ್ಥೆಯ ಗುರಿ. ಶಿಕ್ಷಕರಿಗಾಗಿ 'ಸುಬೋಧ' ಎಂಬ ಕಲಿಕಾ ವೇದಿಕೆಯಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಹಯೋಗದಲ್ಲಿ, ಆಟದ ಮೂಲಕವೇ ಕಂಪ್ಯೂಟರ್ ಚಿಂತನೆಯನ್ನು ಪರಿಚಯಿಸುವ ಪ್ರಯೋಗಗಳೂ ಶಾಲೆಗಳಲ್ಲಿ ನಡೆದಿವೆ. ಕಡಿಮೆ ವೆಚ್ಚದ 'ಹೆಕ್ಸಿಸ್' ಎಂಬ ಬ್ರೈಲ್ ಓದುವ ಸಾಧನವೂ ಇಂಥದೇ ಸಹಯೋಗದ ಫಲ.

ಇಂಥ ಸಾಧನ ಏಕೆ ಬೇಕು? ಬ್ರೈಲ್ ಎಂಬುದು ಆರು ಚುಕ್ಕಿಗಳ ಲಿಪಿ. 63 ವಿನ್ಯಾಸಗಳಲ್ಲೇ ಎಲ್ಲವನ್ನೂ ಹೇಳಬೇಕು. ಕನ್ನಡವೂ ಸೇರಿದಂತೆ ದೇಶದ ಭಾಷೆಗಳಿಗೆ ಸಾಮಾನ್ಯವಾದ ಭಾರತೀ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಅಚ್ಚಿನ ಒಂದು ಪಠ್ಯಪುಸ್ತಕ ಬ್ರೈಲಿಗೆ ಬಂದಾಗ ಹಲವು ದಪ್ಪ ಸಂಪುಟಗಳಾಗುತ್ತದೆ. ಪುಟ್ಟ ಮೊಳೆಗಳು ಮೇಲೆದ್ದು ಇಳಿಯುವ ಮೂಲಕ ಸಾಲು ಸಾಲಾಗಿ ಓದಿಸುವ ವಿದ್ಯುನ್ಮಾನ ಫಲಕವಿದ್ದರೆ ಆ ಹೊರೆ ತಪ್ಪುತ್ತದೆ. ಆದರೆ ವಿದೇಶಿ ಫಲಕಗಳ ಬೆಲೆ ನಮ್ಮ ಶಾಲೆಗಳ ಕೈಗೆಟುಕುವಂಥದಲ್ಲ.

ಮಾತನಾಡುವ ಕಂಪ್ಯೂಟರ್ ಇದೆಯಲ್ಲ ಎಂಬ ವಾದವೂ ಉಂಟು. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ ಎನ್‌ವಿಡಿಎ ತಂತ್ರಾಂಶ ಉಚಿತ, ಅದು ಕನ್ನಡವನ್ನೂ ಓದುತ್ತದೆ. ಕಥೆ, ಇತಿಹಾಸಗಳಿಗೆ ಕಿವಿ ಸಾಕು. ಸಮೀಕರಣ ಹಾಗಲ್ಲ. ಎಡಗಡೆಯ ಪದವನ್ನು ಬಲಕ್ಕೆ ಒಯ್ಯುವಾಗ ಹಿಂದಿನ ಸಾಲನ್ನು ಮತ್ತೆ ಮತ್ತೆ ಮುಟ್ಟಿ ನೋಡಬೇಕು. ಕೇಳಿದ್ದು ಗಾಳಿಯಲ್ಲಿ ಕರಗಿಹೋಗುತ್ತದೆ. ಎಂಟು ಮೂಲೆಯ ರಂಧ್ರಗಳಲ್ಲಿ ಅಚ್ಚುಮೊಳೆಗಳನ್ನು ನೆಟ್ಟು ಲೆಕ್ಕ ಮಾಡುವ ಟೇಲರ್ ಫ್ರೇಮ್ ಇಂದಿಗೂ ಅಂಧರ ಶಾಲೆಗಳಲ್ಲಿ ಉಳಿದಿರುವುದು ಈ ಕಾರಣಕ್ಕೇ.

ಇನ್ನೊಂದು ತೊಡಕು ನಾವೇ ಕಟ್ಟಿಕೊಂಡದ್ದು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ತೆರೆ ಓದುವ ತಂತ್ರಾಂಶ ಅದನ್ನು ಗೊಣಗುತ್ತದೆಯೇ ಹೊರತು ಓದಲಾರದು. ಅದನ್ನು ಹಾಗೆಯೇ ನೇರವಾಗಿ ಬ್ರೈಲಿಗೆ ಪರಿವರ್ತಿಸುವುದೂ ಆಗದು. ಸಮೀಕರಣವನ್ನು ಚಿತ್ರವಾಗಿ ಅಂಟಿಸಿದ್ದರಂತೂ ಅಲ್ಲಿ ಬರೀ ಮೌನ. ಹೀಗಾಗಿ ಯಾರಾದರೂ ಕುಳಿತು ಮತ್ತೆ ಬೆರಳಚ್ಚು ಮಾಡಬೇಕು, ರೇಖಾಚಿತ್ರಗಳನ್ನು ಉಬ್ಬುಗೆರೆಗಳಾಗಿಸಬೇಕು, ಬ್ರೈಲ್ ಬಲ್ಲವರು ತಿದ್ದಬೇಕು.

ನಗರವಾಸಿಗಳ ನೆರವು ನಿಜವಾಗಿ ಬೇಕಿರುವುದು ಇಲ್ಲಿ. ಬೆಂಗಳೂರಿನಲ್ಲಿ ಇದಕ್ಕೆ ಪರಂಪರೆಯೂ ಇದೆ: 1990ರಲ್ಲಿ ಆರಂಭವಾದ ಮಿತ್ರಜ್ಯೋತಿಯ ಧ್ವನಿ ಪುಸ್ತಕಾಲಯಕ್ಕಾಗಿ ಪುಸ್ತಕ ಓದಿಕೊಟ್ಟವರು, ಪರೀಕ್ಷೆಯಲ್ಲಿ ಲಿಪಿಕಾರರಾಗಿ ಕುಳಿತವರು ಅನೇಕರು. ಕಾನೂನಿನ ಅಡ್ಡಿಯೂ ಇಲ್ಲ. ಕೃತಿಗಳನ್ನು ಅಂಧರು ಓದಬಹುದಾದ ರೂಪಕ್ಕೆ ತರಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ನೀಡಿದೆ. ಇದೇ ಆಶಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಸ್ಥಿರೀಕರಿಸಿದ ದೇಶವೇ ಭಾರತ. ಆದರೂ ಹುಟ್ಟುಹಬ್ಬದ ದಿನ ಊಟ ಹಾಕಿಸಿ ಫೋಟೊ ತೆಗೆಸಿಕೊಳ್ಳುವ ಉತ್ಸಾಹ, ಎಂಟನೆಯ ತರಗತಿಯ ಗಣಿತ ಪುಸ್ತಕವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿಕೊಡುವಲ್ಲಿ ಅಷ್ಟಾಗಿ ಕಾಣದು.

ಹಾಗಾದರೆ ವಿನಾಯಿತಿಯನ್ನೇ ರದ್ದುಪಡಿಸಬೇಕೆ? ಖಂಡಿತ ಸಲ್ಲದು. ಕಲಿಸುವ ವ್ಯವಸ್ಥೆಯಿಲ್ಲದೆ ಪರೀಕ್ಷೆ ಕಡ್ಡಾಯವಾದರೆ ಅನುತ್ತೀರ್ಣರಾಗುವವರು ಮಕ್ಕಳೇ. ದೋಷವಿರುವುದು ವಿನಾಯಿತಿಯ ನೆಪದಲ್ಲಿ ಕೆಳಗಿನ ತರಗತಿಗಳಲ್ಲೇ ಗಣಿತ ಸೊರಗುವುದರಲ್ಲಿ. ಹತ್ತರಲ್ಲಿ ಬರೆಯಬೇಕಿಲ್ಲದ ವಿಷಯಕ್ಕೆ ಐದರಲ್ಲಿ ಶಿಕ್ಷಕರೇಕೆ ಎಂಬ ಪ್ರಶ್ನೆಗೆ ಆಡಳಿತ ಮಂಡಳಿಗಳಲ್ಲಿ ಉತ್ತರ ಸಿಗುವುದು ಕಷ್ಟ. ಹಾಗಾದಾಗ ಆಯ್ಕೆ ಎಂಬುದು ಹೆಸರಿಗಷ್ಟೇ ಆಯ್ಕೆ.

ಆಡಳಿತದ ಒಡಕು ಇದಕ್ಕೆ ಇಂಬುಕೊಟ್ಟಿದೆ. ಪರೀಕ್ಷೆ ಶಿಕ್ಷಣ ಇಲಾಖೆಯ ವ್ಯಾಪ್ತಿಯಲ್ಲಿದೆ. ವಿಶೇಷ ಶಾಲೆಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿಯಲ್ಲಿವೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಶಿಶುಕೇಂದ್ರಿತ ಯೋಜನೆಯಡಿ ಸಹಾಯಧನ ದೊರೆಯುವುದು ಮಕ್ಕಳ ತಲೆ ಎಣಿಕೆಯ ಮೇಲೆ. ಆ ಮಕ್ಕಳಲ್ಲಿ ಎಷ್ಟು ಮಂದಿ ಗಣಿತ ಆಯ್ದುಕೊಂಡರು ಎಂಬುದು ಅನುದಾನದ ಲೆಕ್ಕಕ್ಕೆ ಬರುವುದಿಲ್ಲ. ಸಹಭಾಗಿತ್ವದ ಒಡಂಬಡಿಕೆಗೆ ಸಹಿ ಹಾಕುವ ಕಂಪನಿ, ಕಾಲೇಜುಗಳಾದರೂ ಕೊಟ್ಟ ಸಾಧನಗಳ ಸಂಖ್ಯೆಯ ಜೊತೆಗೆ ಈ ಸಂಖ್ಯೆಯನ್ನೂ ಪ್ರತಿವರ್ಷ ಕೇಳಬಹುದು.