ನಡುದಾರಿಯಲ್ಲಿ ನಿಲ್ಲುವ ಮೋಟಾರುಗಳು

ಓಡುತ್ತಿರುವ ಮೋಟಾರು ಗಾಡಿಯ ಎಂಜಿನು ನಡುದಾರಿಯಲ್ಲಿ ತಟಕ್ಕನೆ ನಿಂತುಹೋಗುವುದು ಬರಿಯ ತೊಂದರೆಯೋ, ಪ್ರಾಣಾಪಾಯವೋ? ಗಾಡಿ ನಡೆಸುವವನನ್ನು ಕೇಳಿದರೆ ಉತ್ತರಕ್ಕೆ ಕ್ಷಣವೂ ಹಿಡಿಯದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಜನರಲ್ ಮೋಟಾರ್ಸ್ ಕಂಪೆನಿಗಾದರೋ ಆ ಉತ್ತರವನ್ನು ಒಪ್ಪಿಕೊಳ್ಳಲು ಸುಮಾರು ಹತ್ತು ವರ್ಷ ಹಿಡಿಯಿತು. ಆ ದೋಷದಿಂದ 124 ಮಂದಿ ಮಡಿದರು. ಇದು ಕಂಪೆನಿಯ ವಿರೋಧಿಗಳು ಕಟ್ಟಿದ ಲೆಕ್ಕವಲ್ಲ. ಪರಿಹಾರವನ್ನು ಹಂಚಲು ಕಂಪೆನಿಯೇ ಏರ್ಪಡಿಸಿದ ನಿಧಿಯವರು ಅಂಗೀಕರಿಸಿದ ಸಂಖ್ಯೆ.

ಇಷ್ಟಕ್ಕೆಲ್ಲ ಮೂಲವಾದುದು ಕೀಲಿಕೈ ತಿರುಗಿಸುವ ಒಂದು ಸ್ವಿಚ್ಚು. ಅದರ ಹಿಡಿತವು ಸಡಿಲವಾಗಿದ್ದುದರಿಂದ, ಕೀಲಿಕೈಯ ಗೊಂಚಲು ಭಾರವಾಗಿದ್ದರೆ, ಮೊಣಕಾಲು ತಾಗಿದರೆ, ದಾರಿಯಲ್ಲಿ ಗಾಡಿ ಕುಲುಕಿದರೆ, ಕೀಲಿಕೈಯು ತಾನಾಗಿಯೇ ಹಿಂದಕ್ಕೆ ಜಾರುತ್ತಿತ್ತು. ಎಂಜಿನು ನಿಲ್ಲುವುದರೊಡನೆ ಚುಕ್ಕಾಣಿಗೂ ಬ್ರೇಕಿಗೂ ಇದ್ದ ಯಂತ್ರಬಲದ ನೆರವು ತಪ್ಪುತ್ತಿತ್ತು. ಗಾಡಿ ಎಲ್ಲಿಯಾದರೂ ಡಿಕ್ಕಿ ಹೊಡೆದರೆ ಒಳಗಿನವರನ್ನು ಕಾಯಬೇಕಾದ ಏರ್‌ಬ್ಯಾಗುಗಳೂ ತೆರೆಯುತ್ತಿರಲಿಲ್ಲ.

ಮಾಲೀಕರು ಸುಮ್ಮನಿದ್ದರೆಂದು ಯಾರೂ ಹೇಳಲಾರರು. ಷೆವ್ರೊಲೆ ಕೋಬಾಲ್ಟ್ ಗಾಡಿಗಳು ಓಡುವಾಗ ನಿಲ್ಲುತ್ತವೆಂಬ ದೂರುಗಳು 2005ರಲ್ಲಿಯೇ ಕಂಪೆನಿಗೆ ಮುಟ್ಟಿದ್ದುವು. ಅಲ್ಲಿನ ಎಂಜಿನಿಯರರು ಇದನ್ನು ಗಿರಾಕಿಗಳ ಅನುಕೂಲದ ಪ್ರಶ್ನೆಯೆಂದು ವಿಂಗಡಿಸಿದರು. ಸುರಕ್ಷತೆಯ ಪ್ರಶ್ನೆಯೆಂದು ಎಣಿಸಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಮಾರಾಟಗಾರರಿಗೆ ಹೋದ ಸೂಚನಾಪತ್ರದ ಸಾರವೇನು? ಕೀಲಿಕೈಯ ಗೊಂಚಲಿನಿಂದ ಭಾರದ ವಸ್ತುಗಳನ್ನು ತೆಗೆದುಹಾಕುವಂತೆ ಗಿರಾಕಿಗಳಿಗೆ ಹೇಳಿರಿ ಎಂಬುದು! ಗಾಡಿ ನಿಂತುಹೋಗುವುದನ್ನು ಹೇಳುವ ನೇರವಾದ ಪದವನ್ನೂ ಆ ಪತ್ರದಲ್ಲಿ ಬಳಸಲಿಲ್ಲ. ಅಂತಹ ಪದವು ಸರಕಾರದ ಕಣ್ಣಿಗೆ ಬಿದ್ದೀತೆಂಬ ಅಳುಕು ಕಂಪೆನಿಯಲ್ಲಿತ್ತೆಂದು ಅದೇ ನೇಮಿಸಿದ ವಕೀಲರ ವರದಿಯು 2014ರಲ್ಲಿ ತಿಳಿಸಿತು. ದಫ್ತರದ ಭಾಷೆಯು ಎಷ್ಟು ಕ್ರೂರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾವು ಕಂಡಿಲ್ಲ.

2006ರಲ್ಲಿ ಸ್ವಿಚ್ಚಿನ ರಚನೆಯನ್ನು ಗುಟ್ಟಾಗಿ ತಿದ್ದಲಾಯಿತು. ಬಿಡಿಭಾಗದ ಸಂಖ್ಯೆಯನ್ನು ಮಾತ್ರ ಹಾಗೆಯೇ ಉಳಿಸಿದರು. ಆದುದರಿಂದ ಮುಂದೆ ತನಿಖೆ ಮಾಡಿದವರಿಗೆ ಹಳೆಯದಾವುದು, ಹೊಸದಾವುದು ಎಂಬುದೇ ತಿಳಿಯದಾಯಿತು. 2010ರಲ್ಲಿ ಜಾರ್ಜಿಯಾ ಸಂಸ್ಥಾನದಲ್ಲಿ ಒಬ್ಬ ತರುಣಿಯು ಕೋಬಾಲ್ಟ್ ಅಪಘಾತದಲ್ಲಿ ತೀರಿಕೊಂಡಳು. ಎಂಜಿನು ನಿಲ್ಲುತ್ತಿದೆಯೆಂದು ಕೆಲವೇ ದಿನಗಳ ಮುಂಚೆ ಆಕೆ ಅದೇ ಗಾಡಿಯನ್ನು ದುರಸ್ತಿಗೆ ಕೊಟ್ಟು ಬಿಡಿಸಿಕೊಂಡು ಬಂದಿದ್ದಳು. ಆ ಕುಟುಂಬದ ವಕೀಲರು ಗೊತ್ತುಮಾಡಿದ ತಜ್ಞನು ಎರಡು ಸ್ವಿಚ್ಚುಗಳನ್ನು ಬಿಚ್ಚಿ ಹೋಲಿಸಿದಾಗ ಗುಟ್ಟು ಬಯಲಾಯಿತು. ಸರಕಾರದ ಸುರಕ್ಷತಾ ಇಲಾಖೆಯಲ್ಲಿಯಾದರೋ, ಏರ್‌ಬ್ಯಾಗುಗಳು ತೆರೆಯದ ವಿಷಯದಲ್ಲಿ ತನಿಖೆಯಾಗಬೇಕೆಂದು 2007ರಲ್ಲಿಯೇ ಒಬ್ಬ ಅಧಿಕಾರಿಯು ಸೂಚಿಸಿದ್ದನು. ಇಲಾಖೆಯು ಅದನ್ನು ಕೈಬಿಟ್ಟಿತು. ಗಾಡಿಗಳನ್ನು ಹಿಂದಕ್ಕೆ ಕರೆಸಿದುದು 2014ರಲ್ಲಿ, ಸುಮಾರು 26 ಲಕ್ಷ. 2015ರಲ್ಲಿ ಕಂಪೆನಿಯು 90 ಕೋಟಿ ಡಾಲರು ತೆತ್ತು ಮೊಕದ್ದಮೆಯನ್ನು ರಾಜಿಮಾಡಿಕೊಂಡಿತು. ವ್ಯಕ್ತಿಯೆಂಬ ಒಬ್ಬನ ಮೇಲೂ ಕ್ರಿಮಿನಲ್ ಆಪಾದನೆ ಬರಲಿಲ್ಲ.

ದೂರದ ದೇಶದ ಕಥೆಯಿದು ಎಂದು ವಾಚಕರು ಪತ್ರಿಕೆಯನ್ನು ಮಡಿಚಿಡಬಾರದು. 2019ರಲ್ಲಿ ನಮ್ಮ ಮೋಟಾರು ವಾಹನಗಳ ಕಾಯಿದೆಗೆ ತಿದ್ದುಪಡಿಯಾಗಿ, ದೋಷವುಳ್ಳ ಗಾಡಿಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಆಜ್ಞಾಪಿಸುವ ಅಧಿಕಾರವು ಕೇಂದ್ರ ಸರಕಾರಕ್ಕೆ ದೊರೆತಿದೆ. 2021ರ ಏಪ್ರಿಲಿನಿಂದ ಅದರ ನಿಯಮಗಳು ಜಾರಿಗೆ ಬಂದಿವೆ. ಇದು ಸ್ವಾಗತಾರ್ಹವೇ. ಆದರೆ ಈ ನಿಯಮಗಳು ಏಳು ವರ್ಷಕ್ಕೆ ಒಳಪಟ್ಟ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತವೆ. 2005ರ ಕೋಬಾಲ್ಟುಗಳ ನಿಜವು ಹೊರಬಿದ್ದುದು ಒಂಬತ್ತನೆಯ ವರ್ಷದಲ್ಲಿ. ನಮ್ಮ ನಿಯಮದ ಕೈಗೆ ಅವು ಸಿಕ್ಕುತ್ತಲೇ ಇರಲಿಲ್ಲ! ಹಳೆಯ ಗಾಡಿಯನ್ನು ಕೊಂಡು ಸಂಸಾರವನ್ನು ಕೂರಿಸಿಕೊಂಡು ಹೋಗುವ ಗುಮಾಸ್ತನ ಪ್ರಾಣಕ್ಕೆ ಬೆಲೆ ಕಡಮೆಯೇ ಎಂದು ನಾವು ಕೇಳಬಯಸುತ್ತೇವೆ.

ದೂರುಗಳ ಸಂಖ್ಯೆಯ ಮಾತೂ ಇದೆ. ನಿಗದಿಯಾದಷ್ಟು ಮಾಲೀಕರು ದೂರಿದರೆ ಸರಕಾರವು ಕ್ರಮ ಕೈಗೊಳ್ಳಬಹುದು. ಪರೀಕ್ಷಣ ಸಂಸ್ಥೆಯಿಂದಾಗಲಿ ಬೇರೆ ಮೂಲದಿಂದಾಗಲಿ ವರದಿ ಬಂದರೂ ಕೈಗೊಳ್ಳಬಹುದೆಂದು ಕಾಯಿದೆಯೇ ಹೇಳುತ್ತದೆ. ಆದಕಾರಣ, ಓಡುವಾಗ ಎಂಜಿನು ನಿಂತಿತೆಂಬ ದೂರುಗಳಲ್ಲಿ ಎಣಿಕೆ ತುಂಬುವವರೆಗೆ ಅಧಿಕಾರಿಗಳು ಕಾಯಬೇಕಾದ ಅಗತ್ಯವಿಲ್ಲ. ಏಳು ವರ್ಷದ ಮಿತಿಯನ್ನು ತೆಗೆದುಹಾಕಬೇಕು. ಕಾರ್ಯಾಗಾರದವರು ಗಿರಾಕಿಯ ಮಾತನ್ನು ಅವನು ಆಡಿದಂತೆಯೇ, ಅವನ ಭಾಷೆಯಲ್ಲಿಯೇ, ಜಾಬ್ ಕಾರ್ಡಿನಲ್ಲಿ ಬರೆದುಕೊಂಡು ಪ್ರತಿಯೊಂದನ್ನು ಅವನ ಕೈಗೆ ಕೊಡುವಂತೆ ನಿಯಮವಾಗಬೇಕು. "ಸಾಮಾನ್ಯ ತಪಾಸಣೆ" ಎಂದು ಗೀಚಿ ಗಾಡಿಯನ್ನು ಒಪ್ಪಿಸುವ ವಾಡಿಕೆಗೆ ಸಾರಿಗೆ ಸಚಿವಾಲಯವು ಈ ವರ್ಷವೇ ಕೊನೆ ಹಾಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ.