ಬೇಸಗೆಯ ಬಿಸಿಲೂ ಹೊಲದ ಆಳುಗಳ ಮೈಗಾವಲೂ

ಎತ್ತುಗಳನ್ನು ಕಟ್ಟಿ ಬೇಸಾಯಮಾಡುವ ರೈತನು ಹೊತ್ತು ನೆತ್ತಿಗೇರುವುದಕ್ಕೆ ಮುಂಚೆಯೇ ಅವುಗಳ ಕೊರಳ ಕಣ್ಣಿಯನ್ನು ಬಿಚ್ಚಿ, ನೀರು ಕುಡಿಯಿಸಿ, ಬೇವಿನ ಮರದಡಿಯಲ್ಲಿ ಕಟ್ಟುವನು. ಇದನ್ನು ಅವನಿಗೆ ಯಾರೂ ಕಲಿಸಬೇಕಾದುದಿಲ್ಲ. ಬಿಸಿಲಿಗೆ ಸೊರಗಿದ ಎತ್ತು ಮಾರನೆಯ ದಿನ ನೊಗಕ್ಕೆ ಹೆಗಲು ಕೊಡುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ತಿಳಿದಿದೆ. ಅದೇ ಹೊಲದಲ್ಲಿ ಅದೇ ಹೊತ್ತಿನಲ್ಲಿ ಸೊಂಟ ಬಗ್ಗಿಸಿ ಕಳೆ ಕೀಳುತ್ತಿರುವ ಹೆಣ್ಣಾಳುಗಳ ವಿಷಯದಲ್ಲಿ ಮಾತ್ರ ಈ ವಿವೇಕವು ಏಕೋ ಕುಂಠಿತವಾಗಿ ಕಾಣುತ್ತದೆ. ಅವರು ಬಿಸಿಲಿಗೆ ಒಗ್ಗಿಹೋದವರು, ಅವರ ಮೈಗೆ ಏನೂ ಆಗುವುದಿಲ್ಲ, ಎಂಬುದು ಜಮೀನುದಾರರಲ್ಲಿ ಬಹುಮಂದಿಯ ನಂಬಿಕೆ. ಈ ನಂಬಿಕೆಯು ಅರ್ಧ ಮಾತ್ರ ನಿಜವಾದುದು. ಅರ್ಧ ಸತ್ಯವಾದುದರಿಂದಲೇ ಅದು ಇಷ್ಟು ಕಾಲ ಬಾಳಿಕೊಂಡು ಬಂದಿದೆ.

ಕಪ್ಪು ಮೈಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ದ್ರವ್ಯವು ಚರ್ಮಕ್ಕೆ ಒಂದು ಸ್ವಾಭಾವಿಕವಾದ ಕೊಡೆಯಿದ್ದಂತೆ. ಬಿಳಿಯ ಜನರಲ್ಲಿ ಬಿಸಿಲಿನಿಂದುಂಟಾಗುವ ಚರ್ಮದ ಏಡಿಹುಣ್ಣು, ಅಂದರೆ ಕ್ಯಾನ್ಸರು, ಈ ದೇಶದವರಲ್ಲಿ ಬಹು ಕಡಮೆಯಾಗಿರುವುದು ಇದರಿಂದಲೇ. ಆದರೆ ಈ ಕೊಡೆಯು ಎಲ್ಲವನ್ನೂ ತಡೆಯಲಾರದು. ಕೆನ್ನೆ ಮೂಗುಗಳ ಮೇಲೆ ಹರಡುವ ಬಂಗು, ಅಕಾಲದಲ್ಲಿ ಸುಕ್ಕುಗಟ್ಟುವ ಕತ್ತು, ಸದಾ ಸಿಪ್ಪೆಯೇಳುವ ಕೆಳತುಟಿ, ಕಣ್ಣಿನ ಬಿಳಿಗುಡ್ಡೆಯಿಂದ ಕಪ್ಪುಗುಡ್ಡೆಯ ಕಡೆಗೆ ತೆವಳುವ ಮಾಂಸದ ಪೊರೆ, ಇವೆಲ್ಲವೂ ಬಿಸಿಲಿನಲ್ಲಿ ದುಡಿಯುವ ಕಪ್ಪು ಮೈಯವರಿಗೂ ತಪ್ಪಿದುವಲ್ಲ. ಹುಟ್ಟಿನಿಂದಲೇ ಮೈಯಲ್ಲಿಯೂ ಕೂದಲಿನಲ್ಲಿಯೂ ಬಣ್ಣವಿಲ್ಲದವರಿಗಂತೂ ಈ ಕೊಡೆಯೇ ಇಲ್ಲ. ಅಂತಹವರು ಚಿಕ್ಕ ವಯಸ್ಸಿನಲ್ಲಿಯೇ ಚರ್ಮದ ಕ್ಯಾನ್ಸರಿಗೆ ಗುರಿಯಾಗುವ ಭಯವುಂಟು. ಊರಿನಲ್ಲಿ ಅಂತಹ ಹುಡುಗನೋ ಹುಡುಗಿಯೋ ಇದ್ದಲ್ಲಿ, ಅವರನ್ನು ನಾಟಿಯ ಗದ್ದೆಗೆ ಕರೆಯದೆ, ಉಗ್ರಾಣದಲ್ಲಿಯೋ ಲೆಕ್ಕಪತ್ರದಲ್ಲಿಯೋ ನೆರಳಿನ ಕೆಲಸವನ್ನು ಕೊಡಿಸುವುದು ಗ್ರಾಮದ ಮುಖ್ಯಸ್ಥರ ಕೈಯಲ್ಲಿರತಕ್ಕ ಕಾರ್ಯ. ತೊನ್ನಿನ ಕಲೆಗಳಿರುವವರು ಆ ಕಲೆಗಳಿರುವ ಜಾಗಗಳನ್ನಾದರೂ ಬಟ್ಟೆಯಿಂದ ಮುಚ್ಚಿಕೊಂಡಿರಬೇಕು.

ಬಿಸಿಲಿನ ಕಾವು ಬೇರೆ, ಚರ್ಮವನ್ನು ಕೆಡಿಸುವ ಕಿರಣವು ಬೇರೆ, ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1801 ರಲ್ಲಿ ಜರ್ಮನಿಯ ರಿಟ್ಟರ್ ಎಂಬ ವಿದ್ವಾಂಸನು ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆಗೆ ಕಣ್ಣಿಗೆ ಕಾಣದ ಕಿರಣಗಳಿವೆಯೆಂದು ತೋರಿಸಿದನು. ಅತಿನೇರಳೆ ಕಿರಣಗಳೆಂದು ಹೆಸರಾದ ಇವು ಮೈಗೆ ಬಿಸಿಯಾಗಿ ತಗಲುವುದಿಲ್ಲ. ಆದುದರಿಂದ ತಂಗಾಳಿ ಬೀಸುವ ದಿನವೂ, ತೆಳುವಾದ ಮೋಡ ಮುಸುಕಿದ ದಿನವೂ ಅವು ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ. ಸೂರ್ಯನು ಎತ್ತರಕ್ಕೆ ಏರಿದಷ್ಟೂ ಅವುಗಳ ಬಲವು ಹೆಚ್ಚು. ದಾವಣಗೆರೆಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನಾಲ್ಕೂವರೆ ಅಂಶಗಳಷ್ಟು ದೂರದಲ್ಲಿರುವುದರಿಂದ, ಏಪ್ರಿಲ್ ತಿಂಗಳ ಕಡೆಯ ದಿನಗಳಲ್ಲಿ ಸೂರ್ಯನು ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅದೂ ಗಡಿಯಾರದ 12 ಗಂಟೆಗಲ್ಲ, 12 ಗಂಟೆ 25 ನಿಮಿಷದ ಸುಮಾರಿಗೆ. ಗಡಿಯಾರವಿಲ್ಲದವರಿಗೆ ನೆರಳೇ ಸಾಕು: ತನ್ನ ನೆರಳು ತನ್ನ ಎತ್ತರಕ್ಕಿಂತ ಗಿಡ್ಡವಾಗಿರುವಷ್ಟು ಹೊತ್ತು ಬಿಸಿಲು ಚರ್ಮಕ್ಕೆ ಶತ್ರುವೆಂದು ತಿಳಿಯತಕ್ಕದ್ದು. ಆ ದಿನಗಳಲ್ಲಿ ಈ ಅವಧಿಯು ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆಯ ವರೆಗೆ, ಅಂದರೆ ಆರು ಗಂಟೆಗೂ ಮಿಕ್ಕಿ, ಇರುತ್ತದೆ.

ಭದ್ರಾ ನಾಲೆಯ ನೀರು ಹರಿದುಬಂದ ಮೇಲೆ ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಬೇಸಗೆಯ ಭತ್ತವೂ ಒಂದು ಬೆಳೆಯಾಯಿತು. ಖುಷ್ಕಿಯ ಕಾಲದಲ್ಲಿ ಬೇಸಗೆಯೆಂದರೆ ಹೊಲಕ್ಕೂ ಆಳಿಗೂ ಬಿಡುವಿನ ಕಾಲವಾಗಿದ್ದಿತು. ನೀರು ಬಂದುದರಿಂದ ಆ ಬಿಡುವು ಹೋಯಿತು. ಜನವರಿ ಫೆಬ್ರವರಿಗಳಲ್ಲಿ ನಾಟಿ, ಬಳಿಕ ಕಳೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಕೊಯಿಲು. ಕೊಯಿಲಿಗೆ ಈಗ ಯಂತ್ರಗಳು ಬಂದಿವೆ, ಯಂತ್ರ ನಡೆಯಿಸುವವನ ತಲೆಯ ಮೇಲೆ ಚಾವಣಿಯೂ ಉಂಟು. ಆದರೆ ಯಂತ್ರವು ಸುರಿದ ಭತ್ತವನ್ನು ಕಣದಲ್ಲಿಯೂ ರಸ್ತೆಯ ಮೇಲೂ ಹರವಿ, ಗಳಿಗೆಗೊಮ್ಮೆ ಕಾಲಿನಿಂದ ಎಳೆದು ಒಣಗಿಸತಕ್ಕವರಿಗೆ ಯಾವ ಚಾವಣಿಯೂ ಇಲ್ಲ. ಭತ್ತವು ಒಣಗುವುದಕ್ಕೆ ಬೇಕಾದ ಬಿಸಿಲೇ ಅವರ ಮೈಯನ್ನೂ ಒಣಗಿಸುತ್ತದೆ. ಹೊತ್ತನ್ನು ನೋಡಿ ಕೆಲಸವನ್ನು ತಪ್ಪಿಸಿಕೊಳ್ಳಲು ಈ ಕಾರ್ಯದಲ್ಲಿ ಸಾಧ್ಯವಾಗದಿರುವುದರಿಂದ, ಇಬ್ಬರು ಆಳುಗಳನ್ನಿಟ್ಟು ಸರದಿಯ ಮೇಲೆ ಒಬ್ಬರನ್ನು ನೆರಳಿಗೆ ಕಳುಹಿಸುವುದೊಂದೇ ದಾರಿ.

ನಾಟಿ ಮಾಡುವವರ ಮತ್ತು ಕಳೆ ತೆಗೆಯುವವರ ವಿಷಯದಲ್ಲಿ ಒಂದು ಸಂಗತಿಯನ್ನು ಯಾರೂ ಗಮನಿಸಿದಂತೆ ತೋರುವುದಿಲ್ಲ. ನಿಂತು ಕೆಲಸ ಮಾಡುವವನಿಗೆ ಬಿಸಿಲು ಬೀಳುವುದು ನೆತ್ತಿಗೆ, ಮೂಗಿಗೆ, ಹೆಗಲಿಗೆ. ಬಗ್ಗಿ ಕೆಲಸ ಮಾಡುವವಳ ಮುಖವು ತನ್ನ ಮೈಯ ನೆರಳಿನಲ್ಲಿಯೇ ಇದ್ದು, ಅವಳ ಹೆಗ್ಗತ್ತು, ಬೆನ್ನು, ತೋಳುಗಳ ಹಿಂಭಾಗ, ಕಿವಿಯ ಹಿಂಬದಿ, ಬೈತಲೆಯ ಸಾಲು, ಇವು ಆಕಾಶಕ್ಕೆ ನೇರವಾಗಿ ಒಡ್ಡಿಕೊಂಡಿರುತ್ತವೆ. ಗೊಬ್ಬರದ ಅಂಗಡಿಗಳಲ್ಲಿ ಉಚಿತವಾಗಿ ಹಂಚುವ, ಮುಂದೆ ಮಾತ್ರ ಅಂಚಿರುವ ಟೋಪಿಗಳು ಇವಳಿಗೆ ಏನೇನೂ ಪ್ರಯೋಜನವಿಲ್ಲದವು. ಜಾಹೀರಾತಿಗೆ ಅವು ಸಾಕಾಗಬಹುದು. ಇದಕ್ಕಿಂತ, ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿಯನ್ನು ತೊಟ್ಟು, ತಲೆಗೆ ಬಟ್ಟೆ ಸುತ್ತಿ ಅದರ ತುದಿಯನ್ನು ಕತ್ತಿನ ಮೇಲೆ ಇಳಿಬಿಟ್ಟುಕೊಳ್ಳುವ ಪದ್ಧತಿಯು ಸಾವಿರ ಪಾಲು ಮೇಲು. ಕೂಲಿಯ ಹೆಂಗಸರು ಇದನ್ನು ಯಾವ ಇಲಾಖೆಯ ಉಪದೇಶವೂ ಇಲ್ಲದೆ ತಾವೇ ಕಂಡುಕೊಂಡರು. ಪೇಟೆಯವರು ಇದನ್ನು ನೋಡಿ ನಗುವುದುಂಟು. ನಗುವವರಿಗೆ ಬಿಸಿಲಿನ ಪರಿಚಯ ಸಾಲದು.

ಬಟ್ಟೆಯ ವಿಷಯದಲ್ಲಿಯೂ ವಿವೇಚನೆ ಬೇಕು. ಒತ್ತಾಗಿ ನೇಯ್ದ ಬಟ್ಟೆಯು ಕಿರಣವನ್ನು ತಡೆಯುತ್ತದೆ. ಹಳೆಯದಾಗಿ ಜಾಳಾದ ಬಿಳಿಯ ಪಂಚೆ, ಅದರಲ್ಲಿಯೂ ಬೆವರಿನಿಂದ ನೆನೆದದ್ದು, ಅಷ್ಟಾಗಿ ತಡೆಯುವುದಿಲ್ಲ. ಗಾಢವಾದ ಬಣ್ಣವು ತಿಳಿಬಣ್ಣಕ್ಕಿಂತ ಹೆಚ್ಚು ತಡೆಯುತ್ತದೆಯಾದರೂ ಕಾವನ್ನು ಹೀರುತ್ತದೆ. ಆದ್ದರಿಂದ ಸಡಿಲವಾದ, ಗಾಳಿಯಾಡುವ, ಸಾಧಾರಣ ದಪ್ಪದ ಹತ್ತಿಯ ಬಟ್ಟೆಯೇ ಒಳ್ಳೆಯದು. ನಾಲ್ಕಾರು ಸುತ್ತು ಸುತ್ತಿದ ರುಮಾಲು ನೆತ್ತಿಗೂ ಕಿವಿಗೂ ಒದಗಿಸುವ ರಕ್ಷಣೆಯನ್ನು ಹೆಗಲ ಮೇಲೆ ಬಿದ್ದಿರುವ ಟವಲು ಒದಗಿಸಲಾರದು. ರುಮಾಲನ್ನು ಹಿರಿಯರ ಅಲಂಕಾರವೆಂದು ಬಗೆದು ತರುಣರು ಬಿಟ್ಟರು. ಬಕ್ಕತಲೆಯವರಿಗೆ ಇದರ ನಷ್ಟವು ಬೇಗ ಗೊತ್ತಾಗುತ್ತದೆ.

ಕೂದಲಿನ ಮಾತು ಸ್ವಲ್ಪವೇ. ಬಿಸಿಲು ಕೂದಲಿನೊಳಗಿನ ಸತ್ತ್ವವನ್ನು ಒಡೆದು, ಅದನ್ನು ಕೆಂಚಾಗಿಯೂ ಒರಟಾಗಿಯೂ ಮಾಡುತ್ತದೆ. ಬೆಳೆದ ಕೂದಲು ಜೀವವಿಲ್ಲದ ವಸ್ತುವಾದುದರಿಂದ, ಕೆಟ್ಟದ್ದು ಮತ್ತೆ ಕೂಡಿಕೊಳ್ಳುವುದಿಲ್ಲ. ಕೊಬ್ಬರಿ ಎಣ್ಣೆಯು ಎಳೆಯೊಳಗೆ ಇಳಿದು ಆ ಸತ್ತ್ವವು ತೊಳೆದುಹೋಗದಂತೆ ಸ್ವಲ್ಪಮಟ್ಟಿಗೆ ಕಾಯುತ್ತದೆ. ಆದುದರಿಂದ ತಲೆ ತೊಳೆಯುವ ಮುಂಚೆ ಎಣ್ಣೆ ಹಚ್ಚುವ ರೂಢಿಯು ಯುಕ್ತವಾದುದೇ. ಆದರೆ ಎಣ್ಣೆಯನ್ನು ಬಳಿದುಕೊಂಡರೆ ಬಿಸಿಲು ತಗಲದೆಂಬ ಭಾವನೆಯು ತಪ್ಪು. ಎಣ್ಣೆಯು ಬಟ್ಟೆಯ ಕೆಲಸವನ್ನು ಮಾಡುವುದಿಲ್ಲ.

ಪೇಟೆಯಲ್ಲಿ ದೊರೆಯುವ ಬಿಸಿಲು ತಡೆಯುವ ಲೇಪನಗಳು ಗುಣವುಳ್ಳವೇ. ಆದರೆ ಅವುಗಳನ್ನು ಧಾರಾಳವಾಗಿ ಬಳಿದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೆಸರಿನ ಕೈಯವರಿಗೆ ಇದು ಸಾಗದ ಮಾತು, ದಿನಗೂಲಿಗೆ ಎಟಕುವ ಬೆಲೆಯೂ ಅಲ್ಲ. ಬಂಗು ಹಿಡಿದ ಹೆಂಗಸರು ಇವುಗಳ ಬದಲು ಮುಖ ಬೆಳ್ಳಗಾಗುವುದೆಂಬ ಆಸೆಯಿಂದ ಸ್ಟೀರಾಯ್ಡ್ ಸೇರಿದ ಮುಲಾಮುಗಳನ್ನು ಕೊಂಡು ತಿಂಗಳುಗಟ್ಟಲೆ ಹಚ್ಚುವುದು ಮಾತ್ರ ನಿಜವಾದ ಅಪಾಯ. ಅವು ಚರ್ಮವನ್ನು ತೆಳುವಾಗಿಸಿ, ಬಿಸಿಲನ್ನು ಸ್ವಲ್ಪವೂ ಸಹಿಸದಂತೆ ಮಾಡುತ್ತವೆ. 2018 ರಲ್ಲಿ ಭಾರತ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿಸಿದ ಮಾತ್ರಕ್ಕೆ ಮಾರಾಟವು ನಿಲ್ಲುವುದಿಲ್ಲವೆಂಬುದು ಊರಿನ ಮುಖ್ಯಸ್ಥರಿಗೆ ಹೇಳಬೇಕಾದ ಸಂಗತಿಯಲ್ಲ.

ವ್ಯವಸಾಯಗಾರರಿಗೆ ಇನ್ನೂ ಹತ್ತಿರವಾದ ಪೀಡೆಯೊಂದುಂಟು. ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಕಾಲುವೆಯ ಏರಿ, ಬದು, ಬೀಳುನೆಲಗಳಲ್ಲೆಲ್ಲ ಹಬ್ಬಿದೆ. ಇದರ ಧೂಳು ಕೆಲವರ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ತುರಿಕೆಯನ್ನೆಬ್ಬಿಸಿ ಚರ್ಮವನ್ನು ದಪ್ಪಗಾಗಿಸುತ್ತದೆ. ಕಾಲಕ್ರಮದಲ್ಲಿ ಕೆಲವರಿಗೆ ಬಿಸಿಲೇ ವಿಷವಾಗಿ, ಹೊಲಕ್ಕೆ ಕಾಲಿಡಲಾಗದ ಸ್ಥಿತಿಯು ಒದಗುತ್ತದೆ. ಇದು ಬಿಸಿಲಿನ ದೋಷವೆಂದು ತಿಳಿದು ಎಣ್ಣೆ ಮುಲಾಮುಗಳಿಗೆ ಹಣ ಸುರಿಯುವವರು, ಮನೆಯ ಹಿಂದೆ ಬೆಳೆದ ಗಿಡವನ್ನು ಕೀಳಿಸುವುದಿಲ್ಲ. ಈ ಗಿಡದ ಎಲೆಯನ್ನು ಮೇಯುವ ಮೆಕ್ಸಿಕೋ ದೇಶದ ದುಂಬಿಯನ್ನು 1983 ರಲ್ಲಿ ಬೆಂಗಳೂರಿಗೆ ತರಿಸಿ, ಮಾರನೆಯ ವರ್ಷದಿಂದ ಬಯಲಿಗೆ ಬಿಡಲಾಯಿತು. ಅದು ಮಳೆಗಾಲದಲ್ಲಿ ಚೆನ್ನಾಗಿ ಮೇಯುತ್ತದೆ. ಒಣ ಹವೆಯಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಆದುದರಿಂದ ಬೇಸಗೆಯಲ್ಲಿ ನೀರಿನ ಆಸರೆಯಿಂದ ಚಿಗುರಿದ ಗಿಡಗಳನ್ನು ಹೂ ಬಿಡುವ ಮುನ್ನ, ಕೈಗೆ ಚೀಲ ತೊಡಿಸಿ, ಬೆಳಗಿನ ಹೊತ್ತು, ಈಗಾಗಲೇ ತುರಿಕೆಯಿಲ್ಲದ ಆಳುಗಳಿಂದ ಬೇರುಸಹಿತ ಕೀಳಿಸಬೇಕು.

ಇಷ್ಟೆಲ್ಲವನ್ನೂ ಆಳು ತಾನೇ ಮಾಡಿಕೊಳ್ಳಲಿ ಎನ್ನುವುದು ಸುಲಭ. ಆದರೆ ಕೆಲಸದ ಹೊತ್ತನ್ನು ಗೊತ್ತುಮಾಡುವವನು ಆಳಲ್ಲ. ನಿಟ್ಟುವಳ್ಳಿಯಂತಹ ಊರುಗಳು ದಾವಣಗೆರೆ ನಗರದೊಳಗೆ ಸೇರಿ ಬೀದಿಗಳಾದುವು. ಜಮೀನಿನ ಒಡೆಯರಲ್ಲಿ ಎಷ್ಟೋ ಮಂದಿ ಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕುಳಿತು ದೂರವಾಣಿಯಲ್ಲಿ ಮೇಸ್ತ್ರಿಗೆ ಕೆಲಸ ಹೇಳುತ್ತಾರೆ. ಬದುವಿನ ಮೇಲೆ ನಿಲ್ಲದ ಒಡೆಯನಿಗೆ ನಡುಹಗಲಿನ ಅರಿವು ಹೇಗೆ ಬಂದೀತು? ಕಳೆದ ಶತಮಾನದಲ್ಲಿ ಇದೇ ದಾವಣಗೆರೆಯು ಹತ್ತಿ ಗಿರಣಿಗಳಿಗೆ ಹೆಸರಾಗಿದ್ದಿತು. ಗಿರಣಿಯೊಳಗೆ ದುಡಿಯುವವನಿಗೆ ಗಾಳಿ, ಕುಡಿಯುವ ನೀರು ಇರಬೇಕೆಂದು 1948 ರ ಕಾರ್ಖಾನೆಗಳ ಕಾಯಿದೆಯು ವಿಧಿಸಿತು. ಕೆರೆಯ ಹೂಳೆತ್ತುವವರಿಗೆ ಕೂಡ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳು ಸ್ಥಳದಲ್ಲಿರಬೇಕೆಂದು 2005 ರ ಉದ್ಯೋಗ ಖಾತರಿ ಕಾಯಿದೆಯು ಹೇಳಿತು. ಗಿರಣಿಯ ಗೋಡೆಯೊಳಗಿನವನಿಗೂ ಸರ್ಕಾರದ ಕೆರೆಯಲ್ಲಿ ಅಗೆಯುವವನಿಗೂ ಯುಕ್ತವೆಂದು ಕಂಡುದು, ಖಾಸಗಿ ಗದ್ದೆಯಲ್ಲಿ ಬಗ್ಗಿದವಳಿಗೆ ಅಯುಕ್ತವಾಗಲು ಕಾರಣವೇನೂ ತೋರದು.

ಹೊತ್ತನ್ನು ಬದಲಾಯಿಸುವುದರಲ್ಲಿ ತೊಡಕುಗಳಿಲ್ಲವೆಂದಲ್ಲ. ಮನೆಯ ಅಡುಗೆ ಮುಗಿಸಿ ಬರಬೇಕಾದ ಹೆಂಗಸು ಆರು ಗಂಟೆಗೆ ಗದ್ದೆಯಲ್ಲಿರಲಾರಳು; ದೂರದಿಂದ ಬಂಡಿಯಲ್ಲಿ ಬರುವ ಗುಂಪು ನಡುವೆ ನಾಲ್ಕು ಗಂಟೆ ಸುಮ್ಮನೆ ಕುಳಿತರೆ ಬಾಡಿಗೆ ಯಾರು ಕೊಡಬೇಕು? ಗುತ್ತಿಗೆಯ ಮೇಲೆ ನಾಟಿ ಹಿಡಿದವರು ತಾವಾಗಿಯೇ ನಿಲ್ಲುವುದಿಲ್ಲ. ಆದರೂ ಊರಿನ ಜಮೀನುದಾರರೆಲ್ಲ ಒಪ್ಪಿ, ಮಾರ್ಚಿಯಿಂದ ಮೇ ತಿಂಗಳ ವರೆಗೆ ಏಳರಿಂದ ಹನ್ನೊಂದೂವರೆ, ಮತ್ತೆ ಮೂರೂವರೆಯಿಂದ ಆರು, ಎಂದು ಕೆಲಸದ ಹೊತ್ತನ್ನು ಗೊತ್ತುಮಾಡಿ, ಕೂಲಿಯಲ್ಲಿ ಕಾಸೂ ಕಡಿಯದೆ ನಡೆಯಿಸಿದರೆ, ಒಬ್ಬನ ಗದ್ದೆಯಿಂದ ಇನ್ನೊಬ್ಬನ ಗದ್ದೆಗೆ ಆಳು ಓಡುವ ಭಯವಿರುವುದಿಲ್ಲ. ಒಬ್ಬನೇ ಮಾಡಿದರೆ ಅವನಿಗೆ ನಷ್ಟ. ಊರೇ ಮಾಡಿದರೆ ಯಾರಿಗೂ ಇಲ್ಲ. ಇಂತಹ ಒಪ್ಪಂದವನ್ನು ಮಾಡಿಸಬಲ್ಲವರು ಗ್ರಾಮದ ಮುಖಂಡರೇ ಹೊರತು ಇಲಾಖೆಯಲ್ಲ.

ನೆರಳಿನ ವಿಷಯದಲ್ಲಿ ಜಮೀನುದಾರರ ಆಕ್ಷೇಪವು ತಿಳಿದಿರುವುದೇ: ಬದುವಿನ ಮರದಡಿಯಲ್ಲಿ ಭತ್ತವು ಬೆಳೆಯುವುದಿಲ್ಲ. ಅದು ನಿಜ. ಆದುದರಿಂದ ಗದ್ದೆಯ ನಡುವೆ ಮರ ನೆಡಬೇಕೆಂದು ಯಾರೂ ಹೇಳುತ್ತಿಲ್ಲ. ಕಣದ ಮೂಲೆಗೆ ಒಂದು ಬೇವು, ಹೊಲಕ್ಕೆ ಹೋಗುವ ಹಾದಿಯಲ್ಲಿ ಒಂದೆರಡು ಹೊಂಗೆ, ಇಷ್ಟಕ್ಕೆ ಗುಂಟೆಯ ಜಾಗವೂ ಬೇಡ. ಅವು ದೊಡ್ಡವಾಗುವ ವರೆಗೆ ನಾಲ್ಕು ಗಳುಗಳ ಮೇಲೆ ಹಳೆಯ ಟಾರ್ಪಾಲನ್ನು ಕಟ್ಟಿ, ಅದರ ಕೆಳಗೆ ಒಂದು ಮಡಕೆ ನೀರನ್ನೂ ಮಜ್ಜಿಗೆಯನ್ನೂ ಇರಿಸಬಹುದು. ಹೊಂಗೆಯ ಬೀಜವನ್ನು ಈಗ ಆರಿಸಿಟ್ಟು ಸಸಿ ಮಾಡಿಕೊಂಡರೆ ಮುಂಗಾರಿನ ಮೊದಲ ಹದಮಳೆಗೆ ನೆಡುವುದಕ್ಕೆ ಸಿದ್ಧವಾಗಿರುತ್ತವೆ.